ಗಿರಣಿಯಲ್ಲಿ ಮಂದಾಕಿನಿಗೆ ಕುಬಸ

ನಮ್ಮೂರಿನಲ್ಲಿ ಕೊಟ್ರಬಸಮ್ಮನ ಬಾಯಿಗೆ ಹೆದರದವರು ಇಬ್ಬರೇ ಇದ್ದರು. ಒಬ್ಬ ಅವಳ ಗಂಡ ಜಂಬಣ್ಣ; ಕೇಳಿ ಕೇಳಿ ಅವನ ಕಿವಿ ಮರಗಟ್ಟಿ ಹೋಗಿತ್ತು. ಇನ್ನೊಂದು ಕರೆಂಟು. ಅವಳು ಎಷ್ಟೇ ಬೈಯಲಿ, ಅದರ ಅವ್ವ ಅಪ್ಪನನ್ನೇ ಎತ್ತಿ ಆಡಲಿ, ಅದು ತನಗೆ ಬೇಕಾದ ಹೊತ್ತಿಗೆ ಬರುತ್ತಿತ್ತು, ಬೇಕಾದ ಹೊತ್ತಿಗೆ ಹೋಗುತ್ತಿತ್ತು.

ನಾನು ಗಿರಣಿ ಅಜ್ಜಯ್ಯ. ಹೆಸರು ಕೇಳಿ ಮುದುಕ ಅಂದುಕೊಳ್ಳಬೇಡಿ. ನಮ್ಮ ಮುತ್ತಜ್ಜನ ಹೆಸರನ್ನು ನನ್ನ ತಲೆಗೆ ಕಟ್ಟಿದರು, ತೊಟ್ಟಿಲಲ್ಲೇ ಅಜ್ಜಯ್ಯನಾದೆ. ನಾನು ಹೇಳುವ ಸಂಗತಿ ನಡೆದ ತೊಂಬತ್ತೆಂಟನೇ ಇಸವಿಯಲ್ಲಿ ನನಗೆ ಇನ್ನೂ ಮದುವೆಯೇ ಆಗಿರಲಿಲ್ಲ. ಕೊಟ್ಟೂರಿನಿಂದ ಹಗರಿಬೊಮ್ಮನಹಳ್ಳಿಗೆ ಹೋಗುವ ದಾರಿಯಲ್ಲಿ, ಡ್ರೈವರನಿಗೆ ಮನಸ್ಸು ಬಂದರೆ ಬಸ್ಸು ನಿಲ್ಲುವಂಥ ಊರು ನಮ್ಮದು. ಆ ಊರಿಗೆ ಇದ್ದದ್ದು ನನ್ನದೊಂದೇ ಹಿಟ್ಟಿನ ಗಿರಣಿ.

ಗಿರಣಿ ಅಂದರೆ ಹಿಟ್ಟು ಬೀಸುವ ಜಾಗ ಅಂತ ತಿಳಿದಿದ್ದರೆ ನಿಮಗೆ ನಮ್ಮ ಕಡೆಯ ಕರೆಂಟು ಗೊತ್ತಿಲ್ಲ ಅಂತ ಅರ್ಥ. ಗಿರಣಿ ಅಂದರೆ ಕಾಯುವ ಜಾಗ. ಮೋಟಾರು ತಿರುಗಬೇಕಾದರೆ ತ್ರೀಫೇಸ್ ಬೇಕು, ಅದು ಮಧ್ಯಾಹ್ನ ಯಾವಾಗಲೋ ಬರುತ್ತದೆ. ಹೆಂಗಸರು ಜೋಳದ ಬುಟ್ಟಿ ಇಟ್ಟುಕೊಂಡು ಕಟ್ಟೆಯ ಮೇಲೆ ಕೂತರೆ ಮೊದಲು ಎಲೆ ಅಡಿಕೆ, ಆಮೇಲೆ ಊರಿನ ಸುದ್ದಿ, ಸುದ್ದಿ ಮುಗಿದ ಮೇಲೆ ಪಾಳಿಯ ಜಗಳ. ನನ್ನ ಬುಟ್ಟಿ ಮುಂದಿತ್ತು, ನಿನ್ನ ಬುಟ್ಟಿ ಯಾರು ಸರಿಸಿದರು, ನಿನ್ನ ಅತ್ತೆ ಎಂಥವಳು ಅಂತ ಶುರುವಾಗಿ ಕೂದಲಿಗೆ ಕೈ ಹೋಗುತ್ತಿತ್ತು. ನಾನು ನಡುವೆ ಬಿದ್ದರೆ ನನಗೂ ಎರಡು ಬೀಳುತ್ತಿದ್ದವು.

ಆ ಜಗಳಗಳಿಗೆಲ್ಲ ನ್ಯಾಯ ಹೇಳುವವಳು ಕೊಟ್ರಬಸಮ್ಮ. ಎತ್ತರದ ಆಳು, ಕಾಸಗಲ ಕುಂಕುಮ, ಎಡಗೆನ್ನೆಯಲ್ಲಿ ಸದಾ ಎಲೆ ಅಡಿಕೆಯ ಉಂಡೆ. ಊರಲ್ಲಿ ಯಾರಾದರೂ ಬಸುರಾದರೆ ಗಂಡನಿಗಿಂತ ಮೊದಲು ಇವಳಿಗೆ ಗೊತ್ತಾಗುತ್ತಿತ್ತು. ಕುಬಸ, ಅಂದರೆ ಬಸುರಿಯ ಸೀಮಂತ, ಯಾವ ತಿಂಗಳಲ್ಲಿ ಮಾಡಬೇಕು, ತವರಿನವರು ಏನೇನು ಹೊತ್ತು ತರಬೇಕು, ಉಡಿಗೆ ಗೋಧಿಯೋ ಅಕ್ಕಿಯೋ, ಬಳೆ ಯಾವ ಕೈಗೆ ಮೊದಲು, ಸೋಬಾನೆ ಯಾರು ಎತ್ತಬೇಕು, ಎಲ್ಲ ಅವಳ ಬಾಯಲ್ಲಿತ್ತು. ಬುಟ್ಟಿಯಲ್ಲಿ ಹೋಳಿಗೆ ಕಡಿಮೆ ಇದ್ದರೆ ಬೀಗರ ಎದುರೇ ಬುಟ್ಟಿ ತೆರೆದು ತೋರಿಸುವ ಹೆಂಗಸು. ಬಸುರಿಯನ್ನು ನೋಡಲು ಬರಿಗೈಯಲ್ಲಿ ಬಂದವರನ್ನು ಹೊಸ್ತಿಲಿಂದಲೇ ವಾಪಸು ಕಳಿಸಿದ್ದೂ ಉಂಟು. ನಮ್ಮ ಮಠದ ಸ್ವಾಮಿಗಳೇ ಒಮ್ಮೆ, "ಶಾಸ್ತ್ರದಾಗ ಹಂಗೇನಿಲ್ಲವಾ," ಅಂದದ್ದಕ್ಕೆ, "ನೀವು ಹಡದೀರೇನ್ರಿ?" ಅಂತ ಕೇಳಿದ್ದಳು. ಸ್ವಾಮಿಗಳು ಆಮೇಲೆ ಆ ವಿಷಯ ಎತ್ತಲಿಲ್ಲ.

ಅವಳು ಹಡೆದಿದ್ದಳು. ನಾಲ್ಕು ಹಡೆದಿದ್ದಳು, ಉಳಿದದ್ದು ಒಂದೇ, ಸುಮಲತಾ. ಆ ಒಂದು ಮಗಳನ್ನು ತನ್ನ ತಮ್ಮನ ಮಗನಿಗೆ ಕೊಡುವುದೆಂದು ತೊಟ್ಟಿಲಲ್ಲೇ ಮಾತಾಗಿತ್ತು. ಚಪ್ಪರ ಹಾಕಿದ ಮೇಲೆ ಸುಮಲತಾ ಹಗರಿಬೊಮ್ಮನಹಳ್ಳಿಯಲ್ಲಿ ಟೇಪ್ ರೆಕಾರ್ಡರ್ ರಿಪೇರಿ ಮಾಡುವ ಮಾರೇಶನ ಜೊತೆ ಹೋಗಿಬಿಟ್ಟಳು. ಮಾರೇಶ ನಮ್ಮವರ ಪೈಕಿ ಅಲ್ಲ. ಕೊಟ್ರಬಸಮ್ಮನ ತಮ್ಮ, ಇನ್ನು ಅಕ್ಕನ ಮನೆಯ ನೀರು ಕುಡಿಯುವುದಿಲ್ಲ ಅಂತ ಹೊರಟುಹೋದ. ಕೊಟ್ರಬಸಮ್ಮ ಬಾವಿಕಟ್ಟೆಯಲ್ಲಿ ನಿಂತು, ಊರಿಗೆಲ್ಲ ಕೇಳುವ ಹಾಗೆ, "ನಾನು ಹಡದದ್ದು ನಾಕು, ನಾಕೂ ಸತ್ತಾವ," ಅಂದಳು. ಅಲ್ಲಿಂದ ಎರಡು ವರ್ಷ ಸುಮಲತಾ ಅನ್ನುವ ಹೆಸರು ಅವಳೆದುರು ಯಾರ ಬಾಯಲ್ಲೂ ಬರಲಿಲ್ಲ. ಮಗಳಿಗಿಂತ ಕಟ್ಟಳೆ ದೊಡ್ಡದು ಅಂತ ತೋರಿಸಿದಳು ಅಂತ ಊರು ಅವಳನ್ನು ಇನ್ನಷ್ಟು ಮೇಲೇರಿಸಿತು. ಊರಿಗೇನು, ಮಗಳನ್ನು ಕಳೆದುಕೊಂಡದ್ದು ಅದಲ್ಲವಲ್ಲ.

ಇನ್ನು ಪುಸ್ತಕದ ವಿಷಯ. ಕೊಟ್ಟೂರಿನ ಬಸ್‌ಸ್ಟ್ಯಾಂಡಿನ ಹತ್ತಿರ ಕಾದಂಬರಿ ಬಾಡಿಗೆಗೆ ಕೊಡುವ ಅಂಗಡಿಯೊಂದಿತ್ತು. ನನಗೆ ಆ ಚಟ. ಬೀಡಿ ಸೇದದವನು, ಇಸ್ಪೀಟು ಆಡದವನು, ನೀರಾ ಇಲ್ಲ ಶೆರೆ ಇಲ್ಲ, ಅಂಥವನಿಗೆ ಏನಾದರೂ ಒಂದು ಬೇಕಲ್ಲ. ಶ್ರಾವಣ ಮುಗಿದ ಮಾರನೆಯ ವಾರ ಗಿರಣಿಯಲ್ಲಿ ಕೂತು ಒಂದು ಕಾದಂಬರಿ ಓದುತ್ತಿದ್ದೆ. ಹೊದಿಕೆ ಕಿತ್ತು ಹೋಗಿದ್ದರಿಂದ ಬರೆದವರು ಯಾರೋ ಗೊತ್ತಿಲ್ಲ. ಹೊರಗೆ ಪಾಳಿಯ ಜಗಳ ಕೂದಲಿನ ಮಟ್ಟಕ್ಕೆ ಬಂದಿತ್ತು. ಆಗ ಮಾಳಮ್ಮ, ಬಾಯಲ್ಲಿ ಒಂದೂ ಹಲ್ಲಿಲ್ಲದ, ಆದರೆ ಎಲ್ಲರಿಗಿಂತ ಮೊದಲು ಊಟಕ್ಕೆ ಕೂರುವ ಮುದುಕಿ, ನನ್ನ ಕಡೆ ತಿರುಗಿದಳು.

"ಏನಪಾ ಅಜ್ಜಯ್ಯ, ನೀನೊಬ್ಬನ ಓದ್ಕೊಂಡು ಕುಂತೀಯಲ್ಲ, ಜೋರಾಗಿ ಓದು. ಪುರಾಣ ಮುಗದು ಕಿವಿ ತುರಸ್ತಾವ."

ಮಠದಲ್ಲಿ ಶ್ರಾವಣ ಪೂರ್ತಿ ಪುರಾಣ ನಡೆಯುವ ರೀತಿ ನಮ್ಮ ಕಡೆಯವರಿಗೆ ಗೊತ್ತು. ಒಬ್ಬರು ಓದುತ್ತಾರೆ, ಒಬ್ಬರು ಅರ್ಥ ಹೇಳುತ್ತಾರೆ, ಹೆಂಗಸರು ಕೈಮುಗಿದು ಕೇಳುತ್ತಾರೆ. ಕೇಳುವುದಷ್ಟೇ ಅಲ್ಲ. ಪುರಾಣದಲ್ಲಿ ಶರಣರು ಹುಟ್ಟಿದ ದಿನ ಮಠದಲ್ಲಿ ತೊಟ್ಟಿಲು ಕಟ್ಟಿ ಹೆಸರಿಡುತ್ತಾರೆ, ಗುಗ್ಗರಿ ಹಂಚುತ್ತಾರೆ. ಮದುವೆಯ ಅಧ್ಯಾಯ ಬಂದರೆ ಎಲ್ಲರೂ ಅಕ್ಕಿಕಾಳು ಹಾಕಿ ಉಂಡು ಹೋಗುತ್ತಾರೆ. ಕಥೆಯಲ್ಲಿ ಆದದ್ದು ಊರಲ್ಲೂ ಆಗಬೇಕು, ಇಲ್ಲದಿದ್ದರೆ ಕೇಳಿದ್ದು ದಕ್ಕುವುದಿಲ್ಲ. ಈ ಹೆಂಗಸರಿಗೆ ಕೇಳುವುದೆಂದರೆ ಅದೊಂದೇ ಬಗೆ ಗೊತ್ತು ಅನ್ನುವುದು ನನ್ನ ತಲೆಗೆ ಹೊಳೆಯಲಿಲ್ಲ. ಜಗಳ ನಿಂತರೆ ಸಾಕು ಅಂತ ಓದತೊಡಗಿದೆ.

ಕಥೆ ಇಷ್ಟೇ. ಪಟ್ಟಣದಲ್ಲಿ ಮಂದಾಕಿನಿ ಅಂತ ಒಬ್ಬ ಹುಡುಗಿ, ಆಫೀಸಿನಲ್ಲಿ ಟೈಪಿಸ್ಟು. ಶ್ರೀಧರ ಅಂತ ಒಬ್ಬ ಇಸ್ತ್ರಿ ಅಂಗಿಯವನು. ಮೊದಲ ದಿನ ಪುಟಕ್ಕೊಂದು ತಕರಾರು ಬಂತು. ಇವರು ಯಾವ ಪೈಕಿ? ಹೊಲ ಎಷ್ಟು? ಎರಡು ಸಲ ಕಾಫಿ ಕುಡಿದಳಲ್ಲ, ರೊಟ್ಟಿ ಯಾವಾಗ ತಿನ್ನುತ್ತಾಳೆ? ಅಧ್ಯಾಯ ಮುಗಿಯುತ್ತಿದ್ದಂತೆ ಮಾಳಮ್ಮ ಪುಸ್ತಕಕ್ಕೆ ಕೈಮುಗಿದು ಕಣ್ಣಿಗೆ ಒತ್ತಿಕೊಂಡಳು. ಮಾರನೆಯ ದಿನ ಹೊನ್ನೂರಮ್ಮ ಊದಿನಕಡ್ಡಿ ತಂದಳು. ಹೊನ್ನೂರಮ್ಮ ಹಗರಿಬೊಮ್ಮನಹಳ್ಳಿಯಿಂದ ನಮ್ಮೂರಿಗೆ ಸೊಸೆಯಾಗಿ ಬಂದವಳು, ವಯಸ್ಸು ಚಿಕ್ಕದು, ಹೆದರಿಕೆ ಅದಕ್ಕಿಂತ ಚಿಕ್ಕದು. ಮೂರನೆಯ ದಿನಕ್ಕೆ ಬಾಡಿಗೆ ಕಾದಂಬರಿ ನನ್ನ ತಕ್ಕಡಿಯ ಪಕ್ಕ ಮಣೆ ಏರಿ ಕೂತು ಹೂ ಮುಡಿದಿತ್ತು. ಅಂಗಡಿಯವನು ನೋಡಿದ್ದರೆ ಏನನ್ನುತ್ತಿದ್ದನೋ.

ಶ್ರೀಧರ ಪಾರ್ಕಿನಲ್ಲಿ ಮಂದಾಕಿನಿಯ ಬೆರಳಿಗೆ ಉಂಗುರ ಹಾಕಿದ ದಿನ ದೊಡ್ಡ ಗದ್ದಲ. ಇದು ನಿಶ್ಚಯವೋ ಅಲ್ಲವೋ? ಅಕ್ಕಿಕಾಳು ಹಾಕಬೇಕೋ ಬೇಡವೋ? ಎಲ್ಲರೂ ಕೊಟ್ರಬಸಮ್ಮನ ಮುಖ ನೋಡಿದರು. ಅವಳು ಬಾಯಲ್ಲಿದ್ದ ಎಲೆ ಅಡಿಕೆಯನ್ನು ಬಲಗೆನ್ನೆಗೆ ಸರಿಸಿದಳು.

"ಹಿರಿಯರಿಲ್ಲ, ಎಲಿ ಅಡಿಕಿ ಇಲ್ಲ, ಗಿಡದ ಬುಡಕ ಉಂಗುರ ಹಾಕಿದ್ರ ಅದ್ಯಾವ ನಿಶ್ಚೆ? ಮುಂದ ಓದು."

ಮುಂದೆ ಓದಿದರೆ ಶ್ರೀಧರ ಮುಂಬೈಗೆ ಹೋದ, ಮಂದಾಕಿನಿಗೆ ನೀರು ನಿಂತಿತ್ತು, ಬಸುರಾಗಿದ್ದಳು. ಅವಳ ತಾಯಿ ಅದೇ ಪಟ್ಟಣದಲ್ಲಿದ್ದಳು, ಬಾಗಿಲು ಹಾಕಿಕೊಂಡಳು. ಮಂದಾಕಿನಿ ಒಂದು ಬಾಡಿಗೆ ಕೋಣೆ ಹಿಡಿದಳು. ಏಳು ತಿಂಗಳಾಯಿತು ಅಂತ ಓದಿದೆನೋ ಇಲ್ಲವೋ, ಮಾಳಮ್ಮ ಕಣ್ಣು ಒರೆಸಿಕೊಂಡು, "ಏಳರಾಗ ಅದಾಳ. ಕುಬಸ ಮಾಡಬೇಕಲ್ಲಬೇ?" ಅಂದಳು.

ನಾನು ನಕ್ಕೆ. ನಕ್ಕದ್ದು ನಾನೊಬ್ಬನೇ.

"ಪುರಾಣದಾಗ ತೊಟ್ಲ ಕಟ್ತೀವಿ, ಲಗ್ನ ಮಾಡ್ತೀವಿ. ಈಕಿಗೆ ಕುಬಸ ಮಾಡದಿದ್ರ ಹೆಂಗ?" ಅಂತ ಮತ್ತೊಬ್ಬಳು. "ನಮ್ಮನ್ಯಾಗ ಹಸರು ರವಿಕಿ ಕಣ ಐತಿ, ತರ್ತೀನಿ," ಅಂತ ಇನ್ನೊಬ್ಬಳು. ಬುಟ್ಟಿಯ ಊಟಕ್ಕೆ ಏನು ಮಾಡಬೇಕು ಅನ್ನುವವರೆಗೆ ಮಾತು ಹೋಯಿತು. ಕೊಟ್ರಬಸಮ್ಮ ಎಲೆ ಅಡಿಕೆ ಉಗಿದು ಎಲ್ಲರ ಕಡೆ ತಿರುಗಿದಳು.

"ಯಾರ ಮನೀದು ಬಸರು ಅದು?" ಅಂದಳು. "ತಾಳಿ ಇಲ್ಲ, ತವರಿಲ್ಲ. ಕುಬಸ ಅಂದ್ರ ತವರಿನ ಬುಟ್ಟಿ ಬರಬೇಕು. ಯಾರು ತರ್ತಾರ? ಹೇಸಿಗಿ ಮಾಡ್ಕೊಂಡಾಕಿಗೆ ಹಸರು ಬಳಿ ಇಟ್ರ ನಾಳೆ ನಮ್ಮ ಹೆಣಮಕ್ಕಳು ಏನು ಕಲಿತಾವ?"

"ಹೊಟ್ಟ್ಯಾಗಿನ ಕೂಸು ಏನು ಮಾಡೇತಿ ಅತ್ತಿ?" ಅಂದಳು ಹೊನ್ನೂರಮ್ಮ. ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ಬಿಡಲಿಲ್ಲ. "ತಾಳಿ ಕಟ್ಟಿಸ್ಕೊಂಡು ಹಗರಿಬೊಮ್ನಳ್ಳ್ಯಾಗ ಕುಂತಾಕಿಗಾದ್ರೂ ಯಾರು ಬುಟ್ಟಿ ಒಯ್ದಾರ? ಆಕಿಗೂ ಈಗ ಏಳು ತುಂಬೇತಿ. ನಮ್ಮವ್ವ ನೋಡ್ಕೊಂಡು ಬಂದಾಳ."

ಸುಮಲತಾ ಬಸುರಿ ಅನ್ನುವುದು ಊರಿಗೆಲ್ಲ ಗೊತ್ತಿತ್ತು. ಹೀಗೆ ಮುಖದ ಮೇಲೆ ಅಂದವರು ಇರಲಿಲ್ಲ. ಕೊಟ್ರಬಸಮ್ಮ ಎದ್ದು ನಿಂತು ಸೀರೆ ಕೊಡವಿದಳು.

"ನನಗ ಅಲ್ಲಿ ಯಾರೂ ಇಲ್ಲ. ಕುಬಸ ಮಾಡೂದಿಲ್ಲ ಅಂದ್ರ ಮಾಡೂದಿಲ್ಲ. ಬೀಸೋದಿದ್ರ ಬೀಸು ಅಜ್ಜಯ್ಯ, ಇಲ್ಲಂದ್ರ ಮುಂದ ಓದು."

ಮಾಡಲಿಲ್ಲ. ಕಾಗದದ ಹುಡುಗಿಗೆ ಕುಬಸ ತಪ್ಪಿತು ಅಂತ ನಾನು ಮನೆಗೆ ಹೋಗಿ ಒಬ್ಬನೇ ನಗಾಡಿದೆ. ಆಮೇಲೆ ಅನ್ನ ಉಣ್ಣುವಾಗ ಯಾಕೋ ನಗು ಬರಲಿಲ್ಲ.

ಕಥೆಯ ಕೊನೆ ನನಗೆ ಗೊತ್ತಿತ್ತು, ಮುಂದೆ ಓದಿಕೊಂಡಿದ್ದೆ. ಹೆಂಗಸರಿಗೆ ಹೇಳಿರಲಿಲ್ಲ. ಅದನ್ನು ಓದುವ ದಿನ ಕರೆಂಟು ಬೇಗ ಬರಲಿ ಅಂತ ಬೇಡಿಕೊಂಡೆ, ಬೇಡಿಕೊಂಡಾಗ ಅದು ಬಂದದ್ದು ಉಂಟೇ? ಓದಿದೆ. ಮಂದಾಕಿನಿಗೆ ದಿನ ತುಂಬುವ ಮೊದಲೇ ನೋವು ಬಂತು. ಪಕ್ಕದ ಕೋಣೆಯವರು ಊರಿಗೆ ಹೋಗಿದ್ದರು. ಗೋಡೆ ಹಿಡಿದು ರಸ್ತೆಗೆ ಬಂದಳು, ಯಾರೋ ಆಟೋದವನು ಆಸ್ಪತ್ರೆಗೆ ಹಾಕಿದ. ಅಲ್ಲಿಂದ ಎರಡು ಓಣಿ ಆಚೆ ತಾಯಿಯ ಮನೆ. ಸುದ್ದಿ ಹೋಯಿತು. ತಾಯಿ ಸೀರೆ ಉಟ್ಟುಕೊಂಡಳು, ಬಾಗಿಲ ತನಕ ಬಂದಳು, ಜನ ಏನಂದಾರು ಅಂತ ಬಾಗಿಲ ಒಳಗೇ ನಿಂತಳು. ಮಂದಾಕಿನಿ ಅವ್ವನನ್ನು ಕರೆಯುತ್ತಾ ಸತ್ತಳು. ಕೂಸೂ ಉಳಿಯಲಿಲ್ಲ.

ಗಿರಣಿಯಲ್ಲಿ ಗೋಳೋ ಅಂತ ಎದ್ದ ಅಳುವಿಗೆ ಹೊರಗೆ ಕಟ್ಟಿದ್ದ ಎಮ್ಮೆ ಹಗ್ಗ ಹರಿದುಕೊಂಡಿತು. ಮಾಳಮ್ಮ ಎದೆ ಬಡಿದುಕೊಂಡಳು. ಸಾವು ಕೇಳಿದ ಮೇಲೆ ಹಾಗೇ ಮನೆಗೆ ಹೋಗಬಾರದು ಅಂತ ಎಲ್ಲರೂ ನನ್ನ ಕುಡಿಯುವ ನೀರಿನ ಕೊಡ ಬಗ್ಗಿಸಿ ಕೈಕಾಲು ತೊಳೆದುಕೊಂಡರು. ದಾರಿಯಲ್ಲಿ ಹೋಗುತ್ತಿದ್ದ ಒಬ್ಬ, "ಯಾರು ಹೋದ್ರು?" ಅಂತ ಕೇಳಿದ. "ಮಂದಾಕ್ನಿ," ಅಂದಳು ಮಾಳಮ್ಮ. ಅವನು ಪಾಪ ಯಾರ ಮನೆಯವಳೋ ಅಂತ ಟವೆಲ್ಲು ತೆಗೆದು ಕೈಯಲ್ಲಿ ಹಿಡಿದುಕೊಂಡ.

ನಂತರ ಮಾಳಮ್ಮ ಮೂಗು ಸೀಟಿ, ಮೆತ್ತಗೆ ಅಂದಳು: "ಕುಬಸ ಮಾಡಿದ್ರ ಹಿಂಗ ಆಗ್ತಿದ್ದಿಲ್ಲ."

ಎಲ್ಲರ ಕಣ್ಣು ಕೊಟ್ರಬಸಮ್ಮನ ಮೇಲೆ ಬಿತ್ತು. ಅವಳಿಗೆ ಸಿಟ್ಟು ನೆತ್ತಿಗೇರಿತು. ಏನು ನಾನು ಕೊಂದೆನೇ, ಇಲ್ಲದ ಹುಡುಗಿಯನ್ನು ನಾನು ಹೇಗೆ ಕೊಲ್ಲಲಿ, ನಿಮ್ಮ ಬಾಯಿಗೆ ಹುಳ ಬೀಳಲಿ, ಈ ಅಜ್ಜಯ್ಯನ ಪುಸ್ತಕಕ್ಕೆ ಬೆಂಕಿ ಬೀಳಲಿ, ಅಂತ ಗಿರಣಿಯ ತಗಡು ಅದುರುವ ಹಾಗೆ ಬೈದಳು. ಯಾರೂ ತಿರುಗಿ ಮಾತಾಡಲಿಲ್ಲ. ಅವಳ ಜೊತೆ ಯಾವಾಗಲೂ ಯಾರಾದರೂ ತಿರುಗಿ ಮಾತಾಡುತ್ತಿದ್ದರು. ಬುಟ್ಟಿಯನ್ನು ಅಲ್ಲೇ ಬಿಟ್ಟು ಮನೆಗೆ ಹೋದಳು.

ಮುಂದಿನ ಕೆಲವು ದಿನ ಜೋಳ ತಂದದ್ದು ಜಂಬಣ್ಣ. "ದೊಡ್ಡವ್ವ ಹೆಂಗದಾಳ?" ಅಂತ ಕೇಳಿದೆ. ಅವನು ಬುಟ್ಟಿ ಇಳಿಸಿ, "ಸುಮ್ನದಾಳ," ಅಂದ. ಅವನ ಮುಖದಲ್ಲಿ ಮಳೆ ಬಾರದ ಮೋಡ ನೋಡುವವನ ಚಿಂತೆ ಇತ್ತು. ಮೂವತ್ತು ವರ್ಷ ಬೈಸಿಕೊಂಡವನಿಗೆ ಮನೆ ಸುಮ್ಮನಾದರೆ ನಿದ್ದೆ ಹೇಗೆ ಬಂದೀತು? ನನಗೂ ಕೆಟ್ಟದೆನಿಸಿತು. ಪುಸ್ತಕವನ್ನು ಕೊಟ್ಟೂರಿಗೆ ವಾಪಸು ಕೊಟ್ಟುಬಿಡೋಣ ಅಂದುಕೊಂಡೆ.

ಅಷ್ಟರಲ್ಲಿ ಒಂದು ಮಧ್ಯಾಹ್ನ ಕೊಟ್ರಬಸಮ್ಮ ಬಂದಳು. ತಲೆಯ ಮೇಲೆ ದೊಡ್ಡ ಬುಟ್ಟಿ, ಹಿಂದೆ ಇನ್ನೊಂದು ಬುಟ್ಟಿ ಹೊತ್ತ ಜಂಬಣ್ಣ. ಬುಟ್ಟಿಯಲ್ಲಿ ಜೋಳ ಇರಲಿಲ್ಲ. ಹೋಳಿಗೆ, ಸಜ್ಜೆರೊಟ್ಟಿ, ಎಣ್ಣೆಗಾಯಿ ಪಲ್ಯ, ಮೊಸರನ್ನ, ಹಸಿರು ಬಳೆ, ಹಸಿರು ಕಣ, ಕೊಬ್ಬರಿ ಬಟ್ಟಲು, ಎಲೆ ಅಡಿಕೆ, ಗೋಧಿ. ಕಾಯುತ್ತಾ ಕೂತಿದ್ದ ಹೆಂಗಸರು ಬಾಯಿ ತೆರೆದು ನೋಡಿದರು.

"ಹಿಂದಕ್ಕ ತಿರುವು," ಅಂದಳು ನನಗೆ. "ಏಳು ತಿಂಗಳಾದದ್ದು ಎಲ್ಲೈತಿ, ಅಲ್ಲಿಗೆ ಬಾ."

"ದೊಡ್ಡವ್ವ, ಅದು ಓದಿ ಮುಗದೈತಿ. ಆಕಿ ಸತ್ತಾಳ."

"ಮುಂದಿನ ಹಾಳ್ಯಾಗ ಸತ್ತಾಳಲೇ. ಆ ಹಾಳ್ಯಾಗ ಇನ್ನೂ ಅದಾಳ. ತಿರುವು ಅಂದ್ರ ತಿರುವು. ಓದೂದು ನಿನ್ನ ಕೆಲಸ, ಮಾಡೂದು ನನ್ನ ಕೆಲಸ."

ತಿರುವಿದೆ.

ಪುಸ್ತಕವನ್ನು ಆ ಪುಟಕ್ಕೆ ತೆರೆದು ಮಣೆಯ ಮೇಲೆ ಕೂರಿಸಿದರು. ಹಸಿರು ಕಣ ಹೊದಿಸಿದರು, ಬಳೆಗಳನ್ನು ಮುಂದೆ ಇಟ್ಟರು, ಕುಂಕುಮ ಹಚ್ಚಿದರು. ಆ ಪುಟದ ಮೂರು ಸಾಲು ಇಂದಿಗೂ ಕೆಂಪಗಿವೆ, ಅಂಗಡಿಯವನಿಗೆ ದಂಡ ಕಟ್ಟಿ ಪುಸ್ತಕ ಇಟ್ಟುಕೊಂಡವನು ನಾನು. ಬಸುರಿಯ ಜೊತೆಗೆ ಉಣ್ಣಲು ಒಬ್ಬಳು ಕೂರಬೇಕಲ್ಲ, ಮಾಳಮ್ಮ ಯಾರೂ ಕೇಳುವ ಮೊದಲೇ ಪುಸ್ತಕದ ಪಕ್ಕ ಕೂತಳು. ಮಂದಾಕಿನಿಯ ಪಾಲಿನ ಹೋಳಿಗೆಯನ್ನೂ ಅವಳೇ ಮುಗಿಸಿದಳು. ಹೊನ್ನೂರಮ್ಮ ಕೊಟ್ರಬಸಮ್ಮನ ಹತ್ತಿರ ಬಂದು ಕೇಳಿದಳು:

"ಅತ್ತಿ, ತವರಿನ ಕಡಿಯಿಂದ ಯಾರು ಉಡಿ ತುಂಬ್ತಾರ?"

"ನಾನ ತುಂಬ್ತೀನಿ. ಈಕಿ ತವರು ನಾನ," ಅಂದಳು ಕೊಟ್ರಬಸಮ್ಮ.

ಸೋಬಾನೆಯನ್ನೂ ಅವಳೇ ಎತ್ತಿದಳು. ಅವಳ ದನಿ ಒರಟು, ಯಾವಾಗಲೂ ಊರ ಮೇಲೆ ಯುದ್ಧಕ್ಕೆ ಹೊರಟ ಹಾಗೆ ಹಾಡುತ್ತಿದ್ದಳು. ಅವತ್ತು ಎರಡು ಕಡೆ ಸಾಲು ಬಿಟ್ಟು ಮುಂದೆ ಹೋದಳು. ಗೋಧಿ ತುಂಬಿದ ಬೊಗಸೆಯನ್ನು ಪುಸ್ತಕದ ಮುಂದೆ ಹಿಡಿದು ಎಷ್ಟೋ ಹೊತ್ತು ಸುರಿಯದೆ ನಿಂತಿದ್ದಳು. ನಗಬೇಕಾದ ನೋಟ ಅದು. ನಾನು ನಗಲಿಲ್ಲ, ನನಗೆ ನನ್ನವ್ವನ ನೆನಪಾಯಿತು.

"ಈಗ ಓದು," ಅಂದಳು.

ಓದಿದೆ. ಏಳು ತಿಂಗಳಿನಿಂದ ಎಂಟಕ್ಕೆ ಬಂದೆ. ಹೆಂಗಸರ ಮುಖದಲ್ಲಿ ಒಂದು ಭರವಸೆ ಇತ್ತು. ವಿಧಿ ಪ್ರಕಾರ ಎಲ್ಲ ಆಗಿದೆ, ಇನ್ನು ಆಕೆ ಹೇಗೆ ಸಾಯುತ್ತಾಳೆ ನೋಡೋಣ ಅನ್ನುವ ಹಟ. ಸುಳ್ಳು ಓದಿಬಿಡೋಣ ಅಂತ ಮನಸ್ಸಿಗೆ ಬಂತು. ಯಾರಿಗೆ ಗೊತ್ತಾಗುತ್ತದೆ? ಗಂಡು ಕೂಸು ಹುಟ್ಟಿತು, ತಾಯಿ ಬಂದಳು, ಮಂಗಳ ಅಂತ ಮುಗಿಸಿದರೆ ಎಲ್ಲರೂ ಹೋಳಿಗೆ ತಿಂದು ಮನೆಗೆ ಹೋಗುತ್ತಾರೆ. ತಲೆ ಎತ್ತಿ ನೋಡಿದೆ. ಕೊಟ್ರಬಸಮ್ಮ ನನ್ನನ್ನೇ ನೋಡುತ್ತಿದ್ದಳು.

"ಇದ್ದಂಗ ಓದು ಅಜ್ಜಯ್ಯ."

ಇದ್ದ ಹಾಗೆ ಓದಿದೆ. ನೋವು ಬಂತು. ಗೋಡೆ ಹಿಡಿದಳು. ಆಟೋದವನು ಬಂದ. ತಾಯಿ ಸೀರೆ ಉಟ್ಟಳು, ಬಾಗಿಲ ತನಕ ಬಂದಳು. ಇಲ್ಲಿ ಕೊಟ್ರಬಸಮ್ಮನ ಕೈ ಮೇಲೆದ್ದಿತು, ಆ ತಾಯಿಯನ್ನು ಬೆನ್ನಿಗೆ ಕೈ ಹಾಕಿ ಹೊರಗೆ ನೂಕುವವಳ ಹಾಗೆ. ತಾಯಿ ಬಾಗಿಲ ಒಳಗೇ ನಿಂತಳು. ಮಂದಾಕಿನಿ ಸತ್ತಳು.

"ಇನ್ನೊಮ್ಮೆ."

ಮತ್ತೆ ಓದಿದೆ. ಮತ್ತೆ ಸತ್ತಳು. ಈ ಸಲ ಯಾರೂ ಅಳಲಿಲ್ಲ.

"ಬದಲಾಗೂದಿಲ್ಲೇನು ಇದು?" ಅಂದಳು ಕೊಟ್ರಬಸಮ್ಮ. ಬೈಯುವ ದನಿ ಅಲ್ಲ, ಕೇಳುವ ದನಿ.

"ಇಲ್ಲ ದೊಡ್ಡವ್ವ. ಅಚ್ಚಾಗಿಬಿಟ್ಟೈತಿ. ಎಷ್ಟು ಸಲ ಓದಿದ್ರೂ ಇಷ್ಟ."

"ಆ ತಾಯಿಗೆ ಹೊಸಲು ದಾಟಾಕ ಆಗೂದ ಇಲ್ಲೇನು?"

"ಆಗೂದಿಲ್ಲ."

ಅಷ್ಟರಲ್ಲಿ ಕರೆಂಟು ಬಂತು. ಮಂದಾಕಿನಿ ಮೂರು ಸಲ ಸತ್ತರೂ ಮನೆಯಲ್ಲಿ ರೊಟ್ಟಿ ಆಗಬೇಕಲ್ಲ, ಹೆಂಗಸರು ಬುಟ್ಟಿ ಎತ್ತಿಕೊಂಡು ಪಾಳಿಗೆ ಎದ್ದರು, ಯಾರದೋ ಬುಟ್ಟಿ ಯಾರೋ ಸರಿಸಿದರು, ಜಗಳ ಹತ್ತಿತು. ನಾನು ಮೋಟಾರು ಹಾಕಲು ಹೋದೆ. ಕೊಟ್ರಬಸಮ್ಮ ಮಣೆಯ ಮುಂದೆಯೇ ಕೂತಿದ್ದಳು. ಪಟ್ಟೆ ತಿರುಗುವ ಸದ್ದಿನಲ್ಲಿ ಅವಳು ಏನೋ ಅಂದಳು, ಕೇಳಲಿಲ್ಲ. ಹತ್ತಿರ ಹೋಗಿ ಬಗ್ಗಿದೆ.

"ನನ್ನ ಮಗಳದು ಇನ್ನೂ ಅಚ್ಚಾಗಿಲ್ಲಲೋ ಅಜ್ಜಯ್ಯ," ಅಂದಳು.

ನನ್ನ ಮಗಳು ಅನ್ನುವ ಮಾತು ಎರಡು ವರ್ಷದ ಮೇಲೆ ಅವಳ ಬಾಯಿಂದ ಬಂದಿತ್ತು. ಎದ್ದಳು. ಎದ್ದ ರಭಸಕ್ಕೆ ಗೋಧಿ ಎಲ್ಲ ಚೆಲ್ಲಿತು. ಹಗರಿಬೊಮ್ಮನಹಳ್ಳಿ ಬಸ್ಸಿನ ಹಾರ್ನು ಊರಬಾಗಿಲು ಅಗಸಿಯ ಕಡೆ ಕೇಳುತ್ತಿತ್ತು. ನಾನು ಬಳೆ, ಕಣ, ಉಳಿದ ಹೋಳಿಗೆ ಎಲ್ಲ ಬುಟ್ಟಿಗೆ ತುಂಬಲು ಹೋದರೆ ಕೈ ಮೇಲೆ ಹೊಡೆದಳು.

"ಸತ್ತಾಕಿಗೆ ಇಟ್ಟದ್ದನ್ನ ನನ್ನ ಮಗಳಿಗೆ ಒಯ್ಯಂತೀಯೇನಲೇ? ಏನ್ರಿ, ಏಳ್ರಿ, ಬಸ್ಸು ಹೊಂಟೈತಿ!"

ಜಂಬಣ್ಣ ಆಗಲೇ ಬಾಗಿಲಲ್ಲಿ ಚಪ್ಪಲಿ ಮೆಟ್ಟಿ ನಿಂತಿದ್ದ. ಊರಿಗೆಲ್ಲ ನ್ಯಾಯ ಹೇಳುವ ಹೆಂಗಸು ಸೆರಗು ಸಿಕ್ಕಿಸಿ ಬಸ್ಸಿನ ಹಿಂದೆ ಓಡುವುದನ್ನು ಗಿರಣಿಯಲ್ಲಿದ್ದವರೆಲ್ಲ ಹೊರಗೆ ಬಂದು ನೋಡಿದೆವು. ಬಸ್ಸು ನಿಲ್ಲುವುದಿಲ್ಲ ಅಂದುಕೊಂಡೆವು. ಅವಳು ಡ್ರೈವರನ ವಂಶವನ್ನೇ ಜಾಲಾಡಿದಳು, ನಿಂತಿತು.

ಮುಂದಿನದು ನಾನು ಕಂಡದ್ದಲ್ಲ, ಜಂಬಣ್ಣ ಹೇಳಿದ್ದು. ಅವನು ಅವತ್ತು ನನ್ನೆದುರು ಆಡಿದಷ್ಟು ಮಾತು ಹುಟ್ಟಿದಾಗಿನಿಂದ ಆಡಿರಲಿಲ್ಲ. ಹಗರಿಬೊಮ್ಮನಹಳ್ಳಿಯಲ್ಲಿ ಇಳಿದು, ಮಾರೇಶನ ಅಂಗಡಿ ಎಲ್ಲಿ ಅಂತ ಯಾರನ್ನು ಕೇಳುವುದು ಅಂತ ಅವಳು ಅತ್ತಿತ್ತ ನೋಡುತ್ತಿದ್ದರೆ, ಜಂಬಣ್ಣ ಸೀದಾ ಒಂದು ಓಣಿ ಹಿಡಿದು, ಎಡಕ್ಕೆ ಹೊರಳಿ, ಬೇವಿನ ಗಿಡದ ಹತ್ತಿರ ಬಲಕ್ಕೆ ಹೊರಳಿ ನಡೆದುಬಿಟ್ಟ. ಅವಳು ನಡುದಾರಿಯಲ್ಲಿ ನಿಂತಳು.

"ನಿಮಗ ಹೆಂಗ ಗೊತ್ತ್ರಿ ಈ ದಾರಿ?"

"ಸಂತಿಗೆ ಬಂದಾಗ," ಅಂದ ಜಂಬಣ್ಣ.

"ಎಷ್ಟು ಸಲ?"

"ಸಂತಿ ಎಷ್ಟು ಸಲ ಆಗ್ತೈತಿ, ಅಷ್ಟು ಸಲ."

ಅವಳು ಬೈಯುತ್ತಾಳೆ ಅಂತ ಅವನು ತಲೆ ಬಗ್ಗಿಸಿ ನಿಂತ. ಅವಳು ಬೈಯಲಿಲ್ಲ, ಅವನ ತೋಳು ಹಿಡಿದುಕೊಂಡಳು. ನಾಲ್ಕು ಜನ ಓಡಾಡುವ ಓಣಿಯಲ್ಲಿ ಹೆಂಡತಿ ತೋಳು ಹಿಡಿದದ್ದಕ್ಕೆ ಜಂಬಣ್ಣನಿಗೆ ನಾಚಿಕೆಯಾಯಿತಂತೆ. ನನಗೆ ಹೇಳುವಾಗಲೂ ಮುಖ ಆಚೆ ತಿರುಗಿಸಿಕೊಂಡ.

ಮನೆಯ ಬಾಗಿಲು ತೆರೆದಿತ್ತು. ಸುಮಲತಾ ಒಂದು ಕೈ ಸೊಂಟದ ಮೇಲಿಟ್ಟು, ಇನ್ನೊಂದು ಕೈಯಲ್ಲಿ ಕಸಬರಿಗೆ ಹಿಡಿದು ಕಸ ಹೊಡೆಯುತ್ತಿದ್ದಳು. ಹೊಟ್ಟೆ ಮುಂದೆ ಬಂದಿತ್ತು, ಮುಖ ಇಳಿದಿತ್ತು. ಅಪ್ಪನನ್ನು ನೋಡಿ ನಗಲು ಹೋದವಳು, ಹಿಂದೆ ನಿಂತ ಅವ್ವನನ್ನು ನೋಡಿ ಕಸಬರಿಗೆ ಕೆಳಗೆ ಬಿಟ್ಟಳು. ಒಳಗಿಂದ ಮಾರೇಶ ಕೈಯಲ್ಲಿ ಸ್ಕ್ರೂಡ್ರೈವರ್ ಹಿಡಿದು ಬಂದವನು ಹಾಗೇ ಗೋಡೆಗೆ ಆತು ನಿಂತ.

ಕೊಟ್ರಬಸಮ್ಮ ಹೊಸ್ತಿಲ ಹೊರಗೆ ನಿಂತಿದ್ದಳು. ತಾಯಿಯೂ ಮಗಳೂ ಒಬ್ಬರನ್ನೊಬ್ಬರು ನೋಡಿದರು. ಸುಮಲತಾ ಅವ್ವನ ತಲೆ ನೋಡಿದಳು, ಸೊಂಟ ನೋಡಿದಳು, ಎರಡೂ ಕೈ ನೋಡಿದಳು. ಎಷ್ಟೆಂದರೂ ಕೊಟ್ರಬಸಮ್ಮನ ಮಗಳು. ಸಿಟ್ಟಿನಿಂದ ಕೇಳಿದಳು:

"ಏಳು ತುಂಬಿ ಎಂಟಕ್ಕ ಬಿದ್ದೈತಿ. ಈಗ ಬಂದಿ, ಏನು ತಂದಿ?"

ಕೊಟ್ರಬಸಮ್ಮ ಬಲಗಾಲು ಎತ್ತಿ ಹೊಸ್ತಿಲ ಒಳಗೆ ಇಟ್ಟಳು.

"ಏನೂ ತಂದಿಲ್ಲಬೇ," ಅಂದಳು. "ನಾನ ಬಂದೀನಿ."